ಏಳು ದಿನದ ಚೀಟಿ

ಹುಬ್ಬಳ್ಳಿಯಿಂದ ಉಳ್ಳಾಗಡ್ಡಿ ಹೇರಿಕೊಂಡು ತಿರುವನಂತಪುರದ ಚಾಲ ಪೇಟೆಗೆ ಹೊರಟ ಲಾರಿಯನ್ನು, ಕೊಚ್ಚಿ ಇನ್ನೇನು ಬಂತು ಅನ್ನುವಾಗ, ಅಂಗಮಾಲಿ ಮತ್ತು ಆಲುವಾ ನಡುವೆ ಕೇರಳದ ಮೋಟಾರು ವಾಹನ ಇಲಾಖೆಯ ಸ್ಕ್ವಾಡ್ ಅಡ್ಡ ಹಾಕಿತು ಎಂದಿಟ್ಟುಕೊಳ್ಳಿ. ಹೊಗೆ ವಿಪರೀತ, ಸೈಲೆನ್ಸರಿನ ಸದ್ದೂ ಸರಿಯಿಲ್ಲ ಎಂಬುದು ತಕರಾರು. ಡ್ರೈವರ್ ಊರಿಗೆ ಫೋನು ಹಚ್ಚುತ್ತಾನೆ.

“ಸಾವ್ಕಾರ್ರ, ಗಾಡಿ ಹಿಡದಾರ್ರಿ. ಹೊಗಿ ಭಾಳ ಬರಾಕತ್ತೈತಿ ಅನ್ನಾಕತ್ತಾರ.”

“ಎಷ್ಟಂತ? ಕಟ್ಟಿ ಪಾವತಿ ಇಸ್ಕೋ. ಲೋಡ್ ತಡಾ ಆಗಬಾರ್ದ ನೋಡಪಾ.”

ಮಾಲೀಕರದು ವ್ಯಾಪಾರದ ಲೆಕ್ಕ. ಸರಕು ಪೇಟೆಗೆ ಒಂದು ದಿನ ತಡವಾಗಿ ಮುಟ್ಟಿದರೆ ಆಗುವ ಖೋತಾದ ಮುಂದೆ ದಂಡದ ಮೊತ್ತ ಏನೂ ಅಲ್ಲ. ಕಟ್ಟಿ ಕೈತೊಳೆದುಕೊಳ್ಳುವುದೇ ಜಾಣತನ ಅನ್ನಿಸುವುದು ಸಹಜ. ಆದರೆ ಹೊಗೆ, ಸೈಲೆನ್ಸರಿನ ಕೇಸಿನಲ್ಲಿ ಈ ಲೆಕ್ಕ ಕೈಕೊಡುತ್ತದೆ. ದಂಡ ಇಲ್ಲಿ ಎಲ್ಲಕ್ಕಿಂತ ಅಗ್ಗದ ಬಾಬತ್ತು. ದುಬಾರಿ ಬೀಳುವುದು ಅಧಿಕಾರಿ ಬರೆದುಕೊಡುವ ಇನ್ನೊಂದು ಚೀಟಿ, ಅದರಲ್ಲಿರುವ ಏಳು ದಿನದ ಗಡುವು. ಡ್ರೈವರ್ ಅದನ್ನು ಮಡಚಿ ದೇವರ ಫೋಟೋದ ಹಿಂದೆ ಸಿಕ್ಕಿಸಿ ಮರೆತುಬಿಟ್ಟರೆ, ಮುಂದೊಂದು ದಿನ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಆರ್‌ಸಿಯೇ ಅಮಾನತಾಗಿರುವ ಸುದ್ದಿ ಗೊತ್ತಾಗುತ್ತದೆ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989. ಅದರಲ್ಲಿ 116ನೆಯದನ್ನು ಲಾರಿ ಇಟ್ಟುಕೊಂಡವರು ಒಮ್ಮೆಯಾದರೂ ಓದಿಸಿ ಕೇಳಬೇಕು. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿಗೆ ಅಥವಾ ಮೋಟಾರು ವಾಹನ ನಿರೀಕ್ಷಕರಿಗೆ (ನಮ್ಮ ಕಡೆಯ ಹಳಬರು ಇವತ್ತಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಅನ್ನುವವರು) ಗಾಡಿಯ ಹೊಗೆ ಮಿತಿ ಮೀರಿದೆ ಎಂದು ನಂಬಲು ಕಾರಣ ಕಂಡರೆ ಸಾಕು, ಅಧಿಕೃತ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಏಳು ದಿನದೊಳಗೆ ಇಂಥ ವಿಳಾಸದ ಅಧಿಕಾರಿಗೆ ಸರ್ಟಿಫಿಕೇಟ್ ತೋರಿಸು ಎಂದು ಆದೇಶಿಸಬಹುದು. 2021ರ ಜೂನ್ ತಿದ್ದುಪಡಿಯ ನಂತರ ಈ ಆದೇಶ ಕಾಗದದಲ್ಲೇ ಬರಬೇಕೆಂದಿಲ್ಲ, ಮೊಬೈಲಿಗೂ ಬರಬಹುದು. ಗಡುವಿನೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ, ಅಥವಾ ಪರೀಕ್ಷೆಯಲ್ಲಿ ಗಾಡಿ ಫೇಲಾದರೆ, ದಂಡದ ಹೊಣೆ ಮಾಲೀಕರದು. ಅಲ್ಲಿಗೂ ನಿಲ್ಲುವುದಿಲ್ಲ. ವರದಿ ನೋಂದಣಿ ಪ್ರಾಧಿಕಾರಕ್ಕೆ ಹೋಗುತ್ತದೆ. ಅವರು ಕಾರಣ ಬರೆದು ಆರ್‌ಸಿಯನ್ನು ಅಮಾನತಿನಲ್ಲಿಡಬೇಕು. ಆರ್‌ಸಿ ಅಮಾನತಾದರೆ ಪರ್ಮಿಟ್ಟೂ ಅದರ ಜೊತೆಗೇ ಅಮಾನತು, ಹೊಸ ಸರ್ಟಿಫಿಕೇಟ್ ಬರುವವರೆಗೆ. ಅಂದರೆ ಆಲುವಾದಲ್ಲಿ ಬರೆದ ಚೀಟಿಯೊಂದು ಕೆಎ 63ರ ಗಾಡಿಯ ನ್ಯಾಷನಲ್ ಪರ್ಮಿಟ್ಟನ್ನು ಹುಬ್ಬಳ್ಳಿಯಲ್ಲಿ ಕೆಡವಬಲ್ಲದು.

‘ನನ್ನ ಹತ್ರ ಎಮಿಷನ್ ಸರ್ಟಿಫಿಕೇಟ್ ಇದೆಯಲ್ಲ, ಇನ್ನೂ ಆರು ತಿಂಗಳು ಚಾಲ್ತಿಯಿದೆ’ ಎಂಬುದು ಡ್ರೈವರುಗಳ ಮಾಮೂಲು ವಾದ. ಅದು ಅರ್ಧ ಸರಿ. ಬಿಎಸ್ (ಭಾರತ್ ಸ್ಟೇಜ್) 4 ಮತ್ತು ಅದರ ನಂತರದ ಗಾಡಿಗಳಿಗೆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತದೆ, ಹಳೆಯವಕ್ಕೆ ಆರು ತಿಂಗಳು. ಫಲಿತಾಂಶ ನೇರ ವಾಹನ್ ದತ್ತಾಂಶಕ್ಕೆ ಏರುವುದರಿಂದ ಧಾರವಾಡದಲ್ಲಿ ಮಾಡಿಸಿದ್ದು ಕೊಚ್ಚಿಯಲ್ಲೂ ನಡೆಯುತ್ತದೆ. ಮೊಬೈಲಿನಲ್ಲಿ ಡಿಜಿಲಾಕರ್ ಅಥವಾ ಎಂ-ಪರಿವಾಹನ್ ತೆರೆದು ತೋರಿಸಿದರೂ ಸಾಕು. ಆದರೆ ಸರ್ಟಿಫಿಕೇಟ್ ಹೇಳುವುದು ಪರೀಕ್ಷೆಯ ದಿನದ ಹೊಗೆಯ ಕಥೆ. ಇವತ್ತು ಕಣ್ಣಿಗೆ ಕಾಣುವಂತೆ ಕರಿಹೊಗೆ ಕಕ್ಕುತ್ತಿದ್ದರೆ ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಇದ್ದೂ ಮರುಪರೀಕ್ಷೆಗೆ ಕಳಿಸುವ ಅಧಿಕಾರ 116ನೇ ನಿಯಮದಲ್ಲೇ ಇದೆ.

ಇನ್ನು ದಂಡದ ವಿಚಾರ. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ ಕಲಂ 190(2) ಅನ್ವಯ, 2019ರ ತಿದ್ದುಪಡಿಯ ನಂತರ, ಮೊದಲ ಸಲಕ್ಕೆ 3 ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಜೊತೆಗೆ 3 ತಿಂಗಳು ಲೈಸೆನ್ಸಿಗೆ ಅನರ್ಹತೆ. ಎರಡನೇ ಸಲ ಸಜೆ 6 ತಿಂಗಳವರೆಗೆ ಏರಬಹುದು. ಸ್ಥಳದಲ್ಲೇ ರಾಜಿಯಾಗಿ ಕಟ್ಟುವ ಮೊತ್ತವನ್ನು ಆಯಾ ರಾಜ್ಯ ನಿಗದಿಪಡಿಸುತ್ತದೆ. ಕೇರಳ ಸರ್ಕಾರ 2019ರ ಅಕ್ಟೋಬರಿನಲ್ಲಿ ಹಲವು ದರಗಳನ್ನು ಇಳಿಸಿತ್ತು. ಆದ್ದರಿಂದ ಸಾಮಾನ್ಯವಾಗಿ ಚಲನ್‌ನಲ್ಲಿ ಕಾಣುವ ಅಂಕಿ ಎದೆ ಒಡೆಯುವಂಥದ್ದಲ್ಲ. ಮೋಸ ಇರುವುದು ಇಲ್ಲೇ. ರಾಜಿಗೆ ಅವಕಾಶ ಕೊಡುವ 200ನೇ ಕಲಮಿಗೆ 2019ರಲ್ಲಿ ಎರಡು ಬಾಲ ಸೇರಿಕೊಂಡಿವೆ. ಒಂದು, ರಾಜಿಯಾದರೂ ಅದು ಮೊದಲ ಅಪರಾಧವೆಂದೇ ಲೆಕ್ಕಕ್ಕೆ ಸೇರುತ್ತದೆ, ಮುಂದಿನದು ಎರಡನೆಯದಾಗುತ್ತದೆ. ಇನ್ನೊಂದು, ರಾಜಿಯಾದ ಮಾತ್ರಕ್ಕೆ ಕಲಂ 206(4)ರ ಲೈಸೆನ್ಸ್ ಕ್ರಮದಿಂದ ಬಿಡುಗಡೆಯಿಲ್ಲ.

ಈ 206(4) ಲಾರಿ ಡ್ರೈವರಿನ ಹೊಟ್ಟೆಗೆ ಬೀಳುವ ಪೆಟ್ಟು. 190ನೇ ಕಲಮಿನ ಅಪರಾಧವೆಂದು ನಂಬಲು ಕಾರಣವಿದ್ದರೆ ಅಧಿಕಾರಿ ಲೈಸೆನ್ಸ್ ವಶಕ್ಕೆ ತೆಗೆದುಕೊಂಡು ಅಮಾನತಿಗೆ ಕಳಿಸಬಹುದು. ಬದಲಿಗೆ ರಸೀತಿ ಕೊಡುತ್ತಾರೆ. ಆದರೆ ಆ ರಸೀತಿ ಹಿಡಿದು ಗಾಡಿ ಓಡಿಸುವಂತಿಲ್ಲ. ಬೇರೆ ಕೆಲವು ಸಂದರ್ಭಗಳಲ್ಲಿ ಸಿಗುವ ತಾತ್ಕಾಲಿಕ ರಸೀತಿಯಲ್ಲಿ ಓಡಿಸಬಹುದು, ಇದರಲ್ಲಿ ಆಗದು. ಲೋಡು ತುಂಬಿದ ಗಾಡಿ, ಮುಂದೆ ತಿರುವನಂತಪುರಕ್ಕೆ 200 ಕಿಲೋಮೀಟರಿಗೂ ಮಿಕ್ಕ ದಾರಿ, ಸ್ಟಿಯರಿಂಗ್ ಹಿಡಿಯಲು ಡ್ರೈವರಿಲ್ಲ. ‘ಕಟ್ಟಿ ಬಾ’ ಎಂದ ಮಾಲೀಕರು ಆಗ ಹುಬ್ಬಳ್ಳಿಯಿಂದ ಇನ್ನೊಬ್ಬನನ್ನು ಬಸ್ಸು ಹತ್ತಿಸಬೇಕು.

ಹಾಗಾಗಿ ಕೈಗೆ ಚೀಟಿ ಬಂದ ಕೂಡಲೇ ನೋಡಬೇಕಾದದ್ದು ಮೊತ್ತವನ್ನಲ್ಲ, ಕಲಮನ್ನು. 190(2) ಎಂದಿದ್ದರೆ ಹೊಗೆ ಅಥವಾ ಶಬ್ದದ ಮಿತಿಯ ಪ್ರಶ್ನೆ. 190(1) ಎಂದಿದ್ದರೆ ಅಪಾಯ ತರುವಂಥ ಯಾಂತ್ರಿಕ ದೋಷ. ದಂಡ 1,500 ರೂಪಾಯಿ, ಆ ದೋಷದಿಂದ ಅಪಘಾತವಾಗಿದ್ದರೆ ಶಿಕ್ಷೆ ಹೆಚ್ಚು. ‘ನನಗೆ ಗೊತ್ತೇ ಇರಲಿಲ್ಲ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ, ಏಕೆಂದರೆ ಸಾಮಾನ್ಯ ಎಚ್ಚರವಿದ್ದರೆ ಗೊತ್ತಾಗಬಹುದಾಗಿದ್ದ ದೋಷವೂ ಅದರಡಿ ಬರುತ್ತದೆ. 182ಎ(4) ಎಂದಿದ್ದರೆ ಕಂಪನಿ ಕೊಟ್ಟದ್ದನ್ನು ಮಾಲೀಕರು ಅನುಮತಿಯಿಲ್ಲದೆ ಮಾರ್ಪಡಿಸಿದ ಆರೋಪ. ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, 6 ತಿಂಗಳವರೆಗೆ ಸಜೆಗೂ ಅವಕಾಶ. ಮೂರಕ್ಕೂ ಮದ್ದು ಬೇರೆ ಬೇರೆ. ಚೀಟಿ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಮಂಜೇಶ್ವರ, ಕಾಸರಗೋಡಿನಲ್ಲಾದರೆ ಕನ್ನಡ ಬಲ್ಲವರು ಪಕ್ಕದ ಹೋಟೆಲಿನಲ್ಲೇ ಸಿಗುತ್ತಾರೆ. ಆಲುವಾದಲ್ಲಿ ಫೋಟೋ ತೆಗೆದು ಊರಿಗೆ ಕಳಿಸುವುದೇ ದಾರಿ.

ಅಧಿಕಾರಿ ಗಾಡಿಯಲ್ಲಿ ನೋಡುವುದಾದರೂ ಏನು? ಮೊದಲು ಪೈಪಿನ ದಿಕ್ಕು. 112ನೇ ನಿಯಮದ ಪ್ರಕಾರ ಹೊಗೆ ಕೆಳಮುಖವಾಗಿಯೂ ಹೋಗಬಾರದು, ಎಡಕ್ಕೂ ಹೋಗಬಾರದು. ನಾವು ರಸ್ತೆಯ ಎಡಗಡೆ ಓಡಿಸುವವರು, ಎಡಕ್ಕೆ ಬಿಟ್ಟ ಹೊಗೆ ಹೋಗುವುದು ಫುಟ್‌ಪಾತಿನವರ, ಬಸ್‌ಸ್ಟಾಪಿನಲ್ಲಿ ನಿಂತವರ ಮುಖಕ್ಕೆ. ನೆಲಕ್ಕೆ ಬಿಟ್ಟರೆ ಧೂಳೆಬ್ಬಿಸುತ್ತದೆ. ಇಷ್ಟು ಸರಳ ನಿಯಮವೂ ಗ್ಯಾರೇಜಿನಲ್ಲಿ ಮುರಿಯುತ್ತದೆ: ತುದಿಯ ಬೆಂಡು ಪೈಪು ತುಕ್ಕು ಹಿಡಿದು ಉದುರಿದಾಗ ಮೇಸ್ತ್ರಿ ಕೈಗೆ ಸಿಕ್ಕಿದ ತುಂಡನ್ನು ವೆಲ್ಡಿಂಗ್ ಹೊಡೆದು ಕೊಡುತ್ತಾನೆ, ಅದರ ಬಾಯಿ ಯಾವ ಕಡೆಗಿದೆ ಎಂದು ಯಾರೂ ನೋಡುವುದಿಲ್ಲ. 113ನೇ ನಿಯಮದಂತೆ ಹೊಗೆಯ ಪೈಪು ಡೀಸೆಲ್ ಲೈನಿನಿಂದ 35 ಮಿಲಿಮೀಟರ್ ದೂರ ಇರಲೇಬೇಕು. 120ನೆಯದು ಸೈಲೆನ್ಸರ್ ಇರಲೇಬೇಕೆನ್ನುತ್ತದೆ. ಅದರೊಳಗಿನ ಅಡ್ಡತಗಡುಗಳನ್ನು ಕಿತ್ತು ‘ಓಪನ್’ ಮಾಡಿಸಿದರೆ ಡಬ್ಬ ಇದ್ದೂ ಇಲ್ಲದಂತೆ.

ಆಮೇಲೆ ಸೋರಿಕೆ. ಇದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಟರ್ಬೊದಿಂದ ಇಳಿದು ಬರುವ ಪೈಪಿಗೂ ಸೈಲೆನ್ಸರಿಗೂ ನಡುವೆ ಹೆಣೆದ ಉಕ್ಕಿನ ಬಳುಕುವ ತುಂಡು (ಬೆಲ್ಲೋ) ಇರುತ್ತದೆ, ಎಂಜಿನ್ ಅಲುಗಾಟ ತಡೆಯಲು. ಹೊಂಡಗುಂಡಿಯ ದಾರಿಯಲ್ಲಿ ಮೊದಲು ಸಾಯುವುದು ಅದೇ. ಅದಕ್ಕೆ ನಮ್ಮಲ್ಲಿ ಪ್ರಸಿದ್ಧವಾದ ಚಿಕಿತ್ಸೆ: ಹಳೇ ಎಣ್ಣೆ ಡಬ್ಬದ ತಗಡು ಸುತ್ತಿ, ಬೈಂಡಿಂಗ್ ತಂತಿ ಬಿಗಿದು, ಮೇಲೆ ಒಂದಿಷ್ಟು ಎಂ-ಸೀಲ್ ಮೆತ್ತುವುದು. ಬಿಸಿಗೆ ಎಂ-ಸೀಲ್ ಪುಡಿಯಾಗಿ ಉದುರುತ್ತದೆ, ತಂತಿ ಸಡಿಲುತ್ತದೆ, ಫ್ಲ್ಯಾಂಜಿನ ಸುತ್ತ ಕರಿಮಸಿ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ನಿರೀಕ್ಷಕರು ಟಾರ್ಚು ಬಿಟ್ಟು ಹುಡುಕುವುದು ಆ ಮಸಿಯನ್ನೇ. ಸದ್ದು ಬೇಕಾಗಿಯೇ ಇಲ್ಲ. ಸೋರಿಕೆ ಕ್ಯಾಬಿನ್ನಿನ ಕೆಳಗೇ ಇದ್ದರೆ ಅದು ಸಾರ್ವಜನಿಕರಿಗಿಂತ ಮೊದಲು ಡ್ರೈವರಿಗೆ ಕುತ್ತು. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಗಾಜು ಏರಿಸಿ, ಎಂಜಿನ್ ಚಾಲೂ ಇಟ್ಟು ಮಲಗುವ ಅಭ್ಯಾಸ ನಮ್ಮವರಲ್ಲಿದೆ. ಇಂಥ ಗಾಡಿಯಲ್ಲಿ ಹಾಗೆ ಮಲಗುವುದೆಂದರೆ ಜೀವದ ಜೊತೆ ಆಟ.

ಅಮೆರಿಕದ ಫೆಡರಲ್ ನಿಯಮ ಈ ಒಂದು ವಿಷಯದಲ್ಲಿ ಕಡ್ಡಿಮುರಿದಂತೆ ಮಾತಾಡುತ್ತದೆ: ಡ್ರೈವರ್ ಕೂರುವ ಅಥವಾ ಮಲಗುವ ಜಾಗದ ಕೆಳಗಾಗಲಿ ಅದರ ಮುಂದಾಗಲಿ ಹೊಗೆಕೊಳವೆ ಸೋರಬಾರದು. ಅಲ್ಲಿ ರಸ್ತೆಬದಿ ತಪಾಸಣೆಯ ವರದಿ ಕೈಗೆ ಬಂದರೆ ಸಾಗಣೆ ಕಂಪನಿ 15 ದಿನದೊಳಗೆ ‘ಇಂಥ ದೋಷ ಸರಿಪಡಿಸಿದ್ದೇವೆ’ ಎಂದು ಸಹಿ ಹಾಕಿ ವಾಪಸ್ ಕಳಿಸಬೇಕು. ಸಹಿ ಡ್ರೈವರಿನದಲ್ಲ, ಕಂಪನಿಯದು. ನಮ್ಮ ಕಾಯ್ದೆಯೂ ಹೊಗೆ ದಂಡದ ಹೊಣೆಯನ್ನು ಮಾಲೀಕರ ತಲೆಗೇ ಕಟ್ಟುತ್ತದಾದರೂ, ರಸ್ತೆಯಲ್ಲಿ ಸಿಕ್ಕಿಬೀಳುವವನು ಡ್ರೈವರ್, ಲೈಸೆನ್ಸು ಹೋಗುವುದೂ ಅವನದೇ. ಈ ಎಡವಟ್ಟಿನ ಬಗ್ಗೆ ಮುಂದೆ ಹೇಳುತ್ತೇನೆ.

ಪರೀಕ್ಷೆಗೆ ಬರೋಣ. ಡೀಸೆಲ್ ಗಾಡಿಗೆ ಕೇಂದ್ರದಲ್ಲಿ ಮಾಡುವುದು ಹೊಗೆ ಎಷ್ಟು ದಟ್ಟ ಎಂಬ ಅಳತೆ. ಪೈಪಿನ ಬಾಯಿಗೆ ನಳಿಕೆ ಇಡುತ್ತಾರೆ. ಯಂತ್ರದೊಳಗೆ ಒಂದು ಕಡೆಯಿಂದ ಬೆಳಕು ಬಿಟ್ಟು ಹೊಗೆಯನ್ನು ದಾಟಿ ಎಷ್ಟು ಬೆಳಕು ಆಚೆಗೆ ಬಂತು ಎಂದು ನೋಡುತ್ತಾರೆ. ಗಾಡಿ ನ್ಯೂಟ್ರಲ್‌ನಲ್ಲಿ, ಎಂಜಿನ್ ಬಿಸಿಯಾಗಿರಬೇಕು, ಎಣ್ಣೆಯ ತಾಪ ಕನಿಷ್ಠ 60 ಡಿಗ್ರಿ. ನಂತರ ಎಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡಬೇಕು, ಮತ್ತೆ ಒತ್ತಬೇಕು. ಒಂದೇ ಸಲವಲ್ಲ, ಹಲವು ಸಲ. ಲಾರಿ ಅರಚುತ್ತದೆ, ಒತ್ತಿದಾಗಲೆಲ್ಲ ಒಂದು ಗುಪ್ಪೆ ಕರಿಹೊಗೆ. ಲೆಕ್ಕಕ್ಕೆ ಬರುವುದು ಆ ಗುಪ್ಪೆಯ ದಟ್ಟಣೆ. ಬಿಎಸ್ 4ಕ್ಕಿಂತ ಹಳೆಯ ಗಾಡಿಗೆ ಮಿತಿ ಮೀಟರಿಗೆ 2.45, ಬಿಎಸ್ 4ರದ್ದಕ್ಕೆ 1.62. ಗಾಡಿ ಯಾವ ಸಾಲಿನದು ಎಂಬುದು ಆರ್‌ಸಿಯಲ್ಲೇ ಇರುತ್ತದೆ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6. ಕೇಂದ್ರದ ಹುಡುಗ ತಪ್ಪಾಗಿ ಬೇರೆ ಸಾಲು ಆರಿಸಿದರೆ ಪಾಸಾಗಬೇಕಾದದ್ದು ಫೇಲಾಗಬಹುದು, ಆದ್ದರಿಂದ ಪರದೆಯ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

ಫೇಲಾದರೆ? 2021ರ ಬದಲಾವಣೆಯಲ್ಲಿ ಬಂದ ಒಳ್ಳೆಯ ಸಂಗತಿಯೆಂದರೆ ತಿರಸ್ಕಾರ ಚೀಟಿ. ಅದರಲ್ಲಿ ಅಳತೆ ಅಚ್ಚಾಗಿರುತ್ತದೆ. ಅದನ್ನು ಮೇಸ್ತ್ರಿಗೆ ತೋರಿಸಿ ರಿಪೇರಿ ಮಾಡಿಸಬಹುದು, ಯಂತ್ರದ ಮೇಲೇ ಅನುಮಾನವಿದ್ದರೆ ಇನ್ನೊಂದು ಕೇಂದ್ರದಲ್ಲಿ ಮತ್ತೆ ಪರೀಕ್ಷೆ ಮಾಡಿಸಬಹುದು. ನಮ್ಮ ಜನ ಈ ಚೀಟಿಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಇಟ್ಟುಕೊಳ್ಳಬೇಕು. ಏಳು ದಿನದಲ್ಲಿ ಗಾಡಿ ಪರೀಕ್ಷೆಗೆ ಹೋಗಿತ್ತು, ಕೆಲಸ ನಡೆದಿತ್ತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ದಾಖಲೆ ಇಲ್ಲ.

ಮೇಸ್ತ್ರಿ ಹೊಗೆಯ ಬಣ್ಣ ನೋಡಿಯೇ ಅರ್ಧ ಹೇಳಿಬಿಡುತ್ತಾನೆ. ಕಪ್ಪಾದರೆ ಡೀಸೆಲ್ ಜಾಸ್ತಿ, ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರಬೇಕು, ನೋಜಲ್ ಸೋರುತ್ತಿರಬೇಕು, ಇಲ್ಲವೇ ಟರ್ಬೊ ಪೈಪು ಬಿರುಕು ಬಿಟ್ಟಿರಬೇಕು. ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ನೀರು ಒಳಗೆ ಇಳಿಯುತ್ತಿರಬಹುದು, ಆಗ ಹೆಡ್ ಬಿಚ್ಚದೆ ಗತಿಯಿಲ್ಲ. ಕಪ್ಪು ಹೊಗೆಯ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಏರ್ ಫಿಲ್ಟರ್, ಹೆಚ್ಚು ಖರ್ಚಿಲ್ಲದ ಕೆಲಸವೂ ಅದೇ. ಪಂಪಿನ ಸೀಲು ಮುರಿದು ‘ಪಿಕಪ್’ಗೋಸ್ಕರ ಡೀಸೆಲ್ ಏರಿಸಿದ ಗಾಡಿಗೆ ಮಾತ್ರ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಘಾಟಿ ಹತ್ತುವಾಗ ಖುಷಿ ಕೊಟ್ಟದ್ದು ಆಲುವಾದಲ್ಲಿ ವಸೂಲಾಗುತ್ತದೆ. ಮೊದಲೆಲ್ಲ ಪಾಲಕ್ಕಾಡ್–ತ್ರಿಶ್ಶೂರ್ ನಡುವಿನ ಕುದಿರಾನ್ ಏರಿನಲ್ಲಿ ಎಲ್ಲ ಲಾರಿಗಳೂ ಹೊಗೆಯಾಡುತ್ತಿದ್ದವು, ಯಾರದು ಹೆಚ್ಚು ಎಂದು ಹೇಳುವುದೇ ಕಷ್ಟವಾಗಿತ್ತು. 2021ರ ಜುಲೈ 31ರಂದು ಅಲ್ಲಿನ ಮೊದಲ ಸುರಂಗ ತೆರೆದ ಮೇಲೆ ಆ ನೆಪ ಹೋಯಿತು. ಸಪಾಟು ರಸ್ತೆಯಲ್ಲೂ ಕಕ್ಕುವ ಗಾಡಿ ಈಗ ಎದ್ದು ಕಾಣುತ್ತದೆ.

ಹೊಸ ಗಾಡಿಗಳದು ಬೇರೆಯೇ ರಗಳೆ. ಬಿಎಸ್ 6ರಲ್ಲಿ (ಬಿಎಸ್ 4ರ ಕೆಲವು ಮಾದರಿಗಳಲ್ಲೂ) ಹೊಗೆಗೆ ಯೂರಿಯಾ ನೀರು ಚಿಮುಕಿಸಿ ನೈಟ್ರೋಜನ್ ಆಕ್ಸೈಡನ್ನು ತಗ್ಗಿಸುವ ವ್ಯವಸ್ಥೆ ಇದೆ. ನೂರಕ್ಕೆ 32.5 ಪಾಲು ಯೂರಿಯಾದ ಆ ದ್ರಾವಣ ಮುಗಿದರೆ ಎಂಜಿನ್ ತಾನಾಗಿಯೇ ಶಕ್ತಿ ಇಳಿಸಿಕೊಂಡು ತೆವಳತೊಡಗುತ್ತದೆ. ಆ ಖರ್ಚು ಬೇಡವೆಂದು ಸೆನ್ಸರಿಗೆ ಸುಳ್ಳು ಹೇಳುವ ಪುಟ್ಟ ಪೆಟ್ಟಿಗೆ ಕೂಡಿಸಿ ‘ಯೂರಿಯಾ ಬಂದ್’ ಮಾಡಿಕೊಡುವ ಗ್ಯಾರೇಜುಗಳಿವೆ. ಸೋಜಿಗವೆಂದರೆ ಇಂಥ ಗಾಡಿ ಹೊಗೆ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಬಹುದು. ಕೇಂದ್ರದ ಯಂತ್ರ ಅಳೆಯುವುದು ಕಣ್ಣಿಗೆ ಕಾಣುವ ಮಸಿಯನ್ನು. ನೈಟ್ರೋಜನ್ ಆಕ್ಸೈಡನ್ನು ಅಲ್ಲ. ನಮ್ಮ ಪರೀಕ್ಷೆಯ ದೊಡ್ಡ ತೂತು ಇದು. ಆದರೆ ಬಾನೆಟ್ ಕೆಳಗೆ ಆ ಪೆಟ್ಟಿಗೆ ಅಧಿಕಾರಿಯ ಕಣ್ಣಿಗೆ ಬಿದ್ದರೆ ಕೇಸು ಹೊಗೆಯದಲ್ಲ, 52ನೇ ಕಲಮಿನ ಮಾರ್ಪಾಡಿನದು, ಆಗ 182ಎ(4) ಮಾಲೀಕರ ಬಾಗಿಲು ತಟ್ಟುತ್ತದೆ. ದೊಡ್ಡವರೂ ಇದೇ ಕೆಲಸ ಮಾಡಿ ಸಿಕ್ಕಿಬಿದ್ದಿದ್ದಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿತು. ಎಂಜಿನ್ ತಯಾರಿಸುವ ಕಮಿನ್ಸ್ ಅಮೆರಿಕದಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿದ್ದು 2023ರ ಕೊನೆಯಲ್ಲಿ.

ಕೊಚ್ಚಿಯವರು ಹೊಗೆಯ ವಿಚಾರದಲ್ಲಿ ಸೂಕ್ಷ್ಮವಾಗಿರಲು ಕಾರಣಗಳಿವೆ. 2023ರ ಮಾರ್ಚ್ 2ರಂದು ಬ್ರಹ್ಮಪುರಂ ಕಸದ ಗುಡ್ಡಕ್ಕೆ ಬಿದ್ದ ಬೆಂಕಿ ಹತ್ತು ದಿನ ದಾಟಿದರೂ ಹೊಗೆಯಾಡುತ್ತಿತ್ತು. ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡಿತು. ಅದಕ್ಕೂ ಮೊದಲು, 2016ರ ಮೇ 23ರಂದು, ಕೊಚ್ಚಿಯಲ್ಲಿ ಕೂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠ 10 ವರ್ಷ ಮೀರಿದ ಡೀಸೆಲ್ ಗಾಡಿಗಳನ್ನು ಕೊಚ್ಚಿ, ತಿರುವನಂತಪುರ ಸೇರಿ ಕೇರಳದ ಆರು ನಗರಗಳಿಂದ ಒಂದು ತಿಂಗಳಲ್ಲಿ ಹೊರಗಿಡಿ ಎಂದು ಆದೇಶಿಸಿತ್ತು. ಲಾರಿ, ಬಸ್ಸಿನವರು ಬೀದಿಗಿಳಿದರು, ಜೂನ್‌ನಲ್ಲಿ ಕೇರಳ ಹೈಕೋರ್ಟ್ ತಡೆ ಕೊಟ್ಟಿತು. ‘ಹತ್ತು ವರ್ಷದ ಗಾಡಿ, ಕೊಚ್ಚಿಯೊಳಗೆ ಬಿಡೋದಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಅದರ ಮೂಲ ಆ ಹಳೆಯ ಆದೇಶ. ಆದರೆ ಗಾಡಿಯ ವಯಸ್ಸಿನ ಜಗಳಕ್ಕೂ ಹೊಗೆಯ ಕೇಸಿಗೂ ಸಂಬಂಧವಿಲ್ಲ. ಮೂರು ವರ್ಷದ ಲಾರಿಯೂ ಹೊಗೆಗೆ ಸಿಕ್ಕಿಬೀಳುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಸಾರಿತು. ಅದನ್ನು ಅತಿ ಹೆಚ್ಚು ಉಸಿರಾಡುವವರು ಚೆಕ್‌ಪೋಸ್ಟಿನ ಸಿಬ್ಬಂದಿ, ಮೇಸ್ತ್ರಿಗಳು, ಡ್ರೈವರುಗಳು.

ಈಗ ಆ ಏಳು ದಿನಗಳು. ಮೊದಲ ಪ್ರಶ್ನೆ, ಗಾಡಿ ಮುಂದಕ್ಕೆ ಹೋಗಬಹುದೇ? ಕ್ಯಾಬಿನ್ ಕೆಳಗೆ ಸೋರಿಕೆ ಇದ್ದರೆ ಹೋಗಕೂಡದು, ಅಧಿಕಾರಿ ಬಿಟ್ಟರೂ ಹೋಗಕೂಡದು. ಬರೀ ಕರಿಹೊಗೆಯಾಗಿದ್ದು ಲೈಸೆನ್ಸು ಕೈಯಲ್ಲಿದ್ದರೆ ಲೋಡ್ ಮುಟ್ಟಿಸಿ ತಿರುವನಂತಪುರದಲ್ಲೇ ಕೆಲಸ ಮಾಡಿಸಬಹುದು. ಪರೀಕ್ಷೆ ಯಾವ ಅಧಿಕೃತ ಕೇಂದ್ರದಲ್ಲಿ ಮಾಡಿಸಿದರೂ ನಡೆಯುತ್ತದೆ. ಆದರೆ ಚೀಟಿಯಲ್ಲಿ ಬರೆದ ವಿಳಾಸ ಎರ್ನಾಕುಲಂನದಾಗಿದ್ದರೆ, ಅಂದರೆ ಕಾಕ್ಕನಾಡಿನ ಸಿವಿಲ್ ಸ್ಟೇಷನ್ನಿನ ಆರ್‌ಟಿಒ ಕಚೇರಿಯೆಂದಿದ್ದರೆ, ಸರ್ಟಿಫಿಕೇಟ್ ಮುಟ್ಟಬೇಕಾದದ್ದು ಅಲ್ಲಿಗೇ. ಸಾರಿಗೆ ಆಯುಕ್ತರು ಕೂರುವುದು ತಿರುವನಂತಪುರದಲ್ಲಿ, ಅಲ್ಲೇ ಕೊಟ್ಟರೆ ಇನ್ನೂ ಮೇಲು ಎಂಬ ಜಾಣತನ ಬೇಡ. ಹಿಂದಿರುಗುವಾಗ ಕೊಚ್ಚಿ ದಾರಿಯಲ್ಲೇ ಸಿಗುತ್ತದೆ, ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡರಾಯಿತು. ‘ಊರಿಗೆ ಹೋಗಿ ನಮ್ಮ ಮೇಸ್ತ್ರಿ ಹತ್ರ ಮಾಡಿಸ್ತೀನಿ’ ಎನ್ನುವವರು ಏಳು ದಿನವನ್ನು ದಾರಿಯಲ್ಲೇ ಕಳೆಯುತ್ತಾರೆ.

ಗಾಡಿ ನಿಂತರೆ ಇ-ವೇ ಬಿಲ್ಲಿನ ಮೇಲೂ ನಿಗಾ ಇರಲಿ. ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ. ಬಿಲ್ಲು ಬೇಕಾದ ಸರಕಾಗಿದ್ದರೆ ಗಡುವು ಮುಗಿಯುವ 8 ಗಂಟೆ ಮೊದಲಿಂದ ಮುಗಿದ 8 ಗಂಟೆಯೊಳಗೆ ಸಾಗಣೆದಾರರು ಕಾರಣ ತೋರಿಸಿ ವಿಸ್ತರಿಸಿಕೊಳ್ಳಬಹುದು. ಉಳ್ಳಾಗಡ್ಡಿಯವರಿಗೆ ಈ ತಲೆನೋವಿಲ್ಲ, ಟೈಲ್ಸ್ ಹೇರಿದವರಿಗೆ ಇದೆ. ಹೊಗೆಯ ಕೇಸಿಗೆ ಜಿಎಸ್‌ಟಿ ಕೇಸೂ ಸೇರಿಕೊಂಡರೆ ಆ ಟ್ರಿಪ್ಪಿನ ಬಾಡಿಗೆ ಅಲ್ಲಿಗೇ ಹೋಯಿತು.

ರಿಪೇರಿಯ ಬಿಲ್ಲನ್ನು ಗಾಡಿಯ ನಂಬರ್, ದಿನಾಂಕ ಬರೆಸಿಯೇ ತೆಗೆದುಕೊಳ್ಳಬೇಕು. ಹಳೇ ತುಂಡು, ಹೊಸ ತುಂಡು ಎರಡರದೂ ಫೋಟೋ ಇರಲಿ. ಬಿಳಿ ಹಾಳೆಯಲ್ಲಿ ‘ಸೈಲೆನ್ಸರ್ ಕೆಲಸ 3,000’ ಎಂದು ಗೀಚಿದ್ದಕ್ಕೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ.

ಕೇಸೇ ತಪ್ಪು ಎನ್ನಿಸಿದರೆ ಕಟ್ಟದೆ ಎದುರಿಸುವ ಹಕ್ಕಿದೆ. ಕಟ್ಟದ ಚಲನ್‌ಗಳು ಕೇರಳದ ವರ್ಚುವಲ್ ಕೋರ್ಟಿಗೆ ಹೋಗುತ್ತವೆ. ಅಲ್ಲಿ ಪೊಲೀಸ್ ಇಲಾಖೆಗೊಂದು, ಸಾರಿಗೆ ಇಲಾಖೆಗೊಂದು ಬಾಗಿಲಿದೆ. ಒಪ್ಪಿ ಕಟ್ಟಬಹುದು, ವಾದಿಸುತ್ತೇನೆ ಎನ್ನಬಹುದು. ವಾದಿಸುತ್ತೇನೆ ಎಂದರೆ ಕೇಸು ಮಾಮೂಲು ಕೋರ್ಟಿಗೆ ಬರುತ್ತದೆ. ಹುಬ್ಬಳ್ಳಿಯಿಂದ ಎರ್ನಾಕುಲಂಗೆ ಓಡಾಡುವ ಖರ್ಚು ನೆನೆದು ಬಹಳ ಮಂದಿ ಕೈಬಿಡುತ್ತಾರೆ, ಅದರಲ್ಲಿ ನಾಚುವಂಥದ್ದೇನಿಲ್ಲ. ಆದರೆ ಅಳತೆಯನ್ನೇ ಮಾಡದೆ ‘ಹೊಗೆ ಜಾಸ್ತಿ’ ಎಂದಷ್ಟೇ ಬರೆದಿದ್ದು, ಅದೇ ದಿನ ರಿಪೇರಿ ಇಲ್ಲದೆಯೇ ಬೇರೆ ಕೇಂದ್ರದಲ್ಲಿ ಗಾಡಿ ಪಾಸಾಗಿದ್ದರೆ ವಾದಕ್ಕೆ ತಿರುಳಿದೆ. 53ನೇ ಕಲಮಿನಡಿ ಆರ್‌ಸಿ ಅಮಾನತು ಮಾಡುವ ಮುನ್ನ ಮಾಲೀಕರ ಮಾತು ಕೇಳಬೇಕು. ಆದೇಶವಾದರೆ 57ನೇ ಕಲಮಿನಡಿ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಒಂದು ಮಾತು: ‘ನಿಮ್ಮ ಗಾಡಿಗೆ ಚಲನ್ ಬಿದ್ದಿದೆ’ ಎಂದು ವಾಟ್ಸ್‌ಆ್ಯಪಿನಲ್ಲಿ ಎಪಿಕೆ ಫೈಲ್ ಬಂದರೆ ಮುಟ್ಟಬೇಡಿ. ಖಾತೆ ಖಾಲಿ ಮಾಡುವವರ ಈಗಿನ ದಂಧೆ ಅದು. ಪರಿವಾಹನ್ ತಾಣಕ್ಕೆ ನೀವೇ ಹೋಗಿ ಗಾಡಿ ನಂಬರ್ ಹಾಕಿ ನೋಡಿ.

ಡ್ರೈವರಿನ ಮಾತು ಬಾಕಿ ಇದೆ. ಸೈಲೆನ್ಸರ್ ಬದಲಿಸುವ ಹಣ ಮಾಲೀಕರ ಜೇಬಿನಲ್ಲಿ, ನೋಜಲ್ ಕೆಲಸ ಮುಂದೂಡುವ ತೀರ್ಮಾನ ಮಾಲೀಕರದು. ಮೂರು ತಿಂಗಳು ಅನ್ನ ಕಳೆದುಕೊಳ್ಳುವವನು ಡ್ರೈವರ್. ಎಷ್ಟೋ ಕಡೆ ದಂಡವನ್ನೂ ಅವನ ಬತ್ತಾದಲ್ಲಿ ಮುರಿದುಕೊಳ್ಳುವುದುಂಟು. 190ನೇ ಕಲಂ ಗಾಡಿ ಓಡಿಸಿದವನ ಜೊತೆ, ಓಡಿಸಲು ಹಚ್ಚಿದವನನ್ನೂ ಬಿಟ್ಟುಕೊಟ್ಟವನನ್ನೂ ಹೆಸರಿಸುತ್ತದೆ ಎಂಬುದು ಡ್ರೈವರುಗಳಿಗೆ ಗೊತ್ತಿಲ್ಲ, ಗೊತ್ತಿರುವ ಮಾಲೀಕರು ಹೇಳುವುದಿಲ್ಲ. ನನ್ನ ಸಲಹೆ ಇಷ್ಟೇ: ಹೊರಡುವ ಮುನ್ನ ಪೈಪು ಸೋರುತ್ತಿದೆ ಎಂದು ಡ್ರೈವರ್ ಮಾಲೀಕರಿಗೆ ಬಾಯಲ್ಲಿ ಹೇಳುವುದರ ಜೊತೆ ಒಂದು ಫೋಟೋ, ಒಂದು ಸಾಲು ಸಂದೇಶ ಕಳಿಸಲಿ. ‘ಸಾವ್ಕಾರ್ರ, ಸೈಲೆನ್ಸರ್ ಬೆಲ್ಲೋ ಹೋಗೇತ್ರಿ, ಮಾಡ್ಸಬೇಕ್ರಿ’ ಎಂಬ ಆ ಸಾಲಿನ ಮೇಲೆ ತಾರೀಕು, ಗಂಟೆ ತಾನಾಗಿಯೇ ಕೂರುತ್ತದೆ. ಲೈಸೆನ್ಸ್ ಪ್ರಾಧಿಕಾರದ ಮುಂದೆ ನಿಂತು ವಿವರಣೆ ಕೊಡುವ ದಿನ ಬಂದರೆ ಅವನ ಪರವಾಗಿ ಮಾತಾಡುವುದು ಅದೊಂದೇ.

ಗಾಡಿ ಊರಿಗೆ ಬಂದ ಮೇಲೆ ಮಾಲೀಕರಿಗೆ ಉಳಿಯುವ ಕೆಲಸವೆಂದರೆ ವಾಹನ್‌ನಲ್ಲಿ ಗಾಡಿಯ ಸ್ಥಿತಿ ನೋಡುವುದು. ದಂಡ ಕಟ್ಟಿದ್ದು ಏರಿದೆಯೇ, ಹೊಸ ಸರ್ಟಿಫಿಕೇಟ್ ಕಾಣುತ್ತಿದೆಯೇ, ಅಮಾನತಿನ ಅಥವಾ ಕಪ್ಪುಪಟ್ಟಿಯ ಷರಾ ಇದೆಯೇ. ಇದ್ದರೆ ಕಾಕ್ಕನಾಡಿನಲ್ಲಿ ಹಾಕಿಸಿಕೊಂಡ ಸ್ವೀಕೃತಿಯನ್ನೂ ಹೊಸ ಸರ್ಟಿಫಿಕೇಟನ್ನೂ ಜೋಡಿಸಿ ನಮ್ಮ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ತೆಗೆಸಬೇಕು. ಎಂಟು ವರ್ಷ ದಾಟಿದ ಲಾರಿಗೆ ಎಫ್‌ಸಿ ವರ್ಷಕ್ಕೊಮ್ಮೆ. ಆ ತಾರೀಕು ಹತ್ತಿರ ಬಂದಾಗ ಷರಾ ಕಣ್ಣಿಗೆ ಬಿದ್ದರೆ ಕೊಚ್ಚಿಯ ಕಚೇರಿಗೆ ಮತ್ತೆ ಆಳು ಕಳಿಸಬೇಕಾಗುತ್ತದೆ, ಅಷ್ಟು ದಿನವೂ ಗಾಡಿ ಯಾರ್ಡಿನಲ್ಲಿ ನಿಂತಿರುತ್ತದೆ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.